ಹಾದಿ ತಿಳಿಯದವರಿಗೂ ಮಾಹಿತಿ ಸಿಗಬೇಕು ಎಂದ ಕಾಡ್

ವಿಮೆಗೆ ಸಂಬಂಧಿಸಿದ ಹಳೆಯ ಸಾಫ್ಟ್‌ವೇರ್ ಒಂದನ್ನು ನೋಡಿಕೊಳ್ಳುವುದು ಪುಣೆಯಲ್ಲಿ ನನ್ನ ಕೆಲಸ. ಒಮ್ಮೆ ಒಂದು ದೂರು ಬಂತು. ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರಿಗೆ ಬರಬೇಕಾದ ಹಣ ನಿಂತುಹೋಗಿತ್ತು. ನಮ್ಮ ಸಿಸ್ಟಂನಿಂದ ಹೋದ ಪತ್ರದಲ್ಲಿ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು, ಅದನ್ನು ಬ್ಯಾಂಕಿನವರು ಒಪ್ಪಿರಲಿಲ್ಲ. ಆದರೆ ನಾವು ಕಂಪ್ಯೂಟರಿನಲ್ಲಿ ಯಾವ ಪುಟ ತೆರೆದು ನೋಡಿದರೂ ಹೆಸರು ಸರಿಯಾಗಿಯೇ ಇತ್ತು. ಹಾಗಾದರೆ ಪತ್ರಕ್ಕೆ ಆ ತಪ್ಪು ಹೆಸರು ಬರುತ್ತಿದ್ದುದು ಎಲ್ಲಿಂದ? ಡೇಟಾಬೇಸ್‌ನಲ್ಲಿ ಆರುನೂರಕ್ಕೂ ಹೆಚ್ಚು ಟೇಬಲ್‌ಗಳಿದ್ದವು. ಅದನ್ನು ಕಟ್ಟಿದವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಯಾವ ಟೇಬಲ್‌ನಲ್ಲಿ ಏನಿದೆ ಎಂದು ಬರೆದಿಟ್ಟ ಒಂದು ಪುಟವೂ ನಮ್ಮ ಬಳಿ ಇರಲಿಲ್ಲ.

ಕೊನೆಗೆ ಡೇಟಾಬೇಸ್‌ನ ನಕಲು ಮಾಡಿಕೊಂಡು, ಅದರ ಮೇಲೆ ಎಲ್ಲ ಟೇಬಲ್‌ಗಳಲ್ಲೂ ಪದ ಹುಡುಕುವ ಟೂಲ್ ಒಂದನ್ನು ಓಡಿಸಿದೆವು. ತಪ್ಪು ಹೆಸರನ್ನು ಟೈಪ್ ಮಾಡಿ ಕಾದೆವು. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ಎಂದೋ ಹಳೆಯ ಸಿಸ್ಟಂನಿಂದ ಡೇಟಾ ಸಾಗಿಸುವಾಗ ತಾತ್ಕಾಲಿಕವಾಗಿ ಮಾಡಿಕೊಂಡಿದ್ದ ಒಂದು ಟೇಬಲ್ ಹಾಗೆಯೇ ಉಳಿದಿತ್ತು. ಪತ್ರ ಮುದ್ರಿಸುವ ಪ್ರೋಗ್ರಾಂ ಇನ್ನೂ ಅಲ್ಲಿಂದಲೇ ಹೆಸರು ಓದುತ್ತಿತ್ತು.

ಈ ಟೂಲ್‌ನಲ್ಲಿ ಮಾಯೆಯೇನೂ ಇಲ್ಲ. ಅದು ಮೊದಲು ಡೇಟಾಬೇಸ್ ಅನ್ನೇ ಕೇಳುತ್ತದೆ: ನಿನ್ನಲ್ಲಿ ಯಾವ ಯಾವ ಟೇಬಲ್‌ಗಳಿವೆ, ಅವುಗಳಲ್ಲಿ ಅಕ್ಷರಗಳನ್ನು ಇಟ್ಟುಕೊಳ್ಳುವ ಕಾಲಂಗಳು ಯಾವುವು? ಆ ಪಟ್ಟಿ ಸಿಕ್ಕ ಮೇಲೆ ಒಂದೊಂದು ಕಾಲಂಗೂ ಒಂದೊಂದು ಪ್ರಶ್ನೆಯನ್ನು ತಾನೇ ಬರೆದು, ಸಾಲಾಗಿ ಓಡಿಸಿ, ಪದ ಸಿಕ್ಕ ಜಾಗಗಳನ್ನು ನಮ್ಮ ಮುಂದಿಡುತ್ತದೆ. ಇದರಲ್ಲಿ ಜೀವಾಳವಾದದ್ದು ಮೊದಲ ಹೆಜ್ಜೆ. ಡೇಟಾಬೇಸ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳಬೇಕು, ಅದನ್ನೂ ಉಳಿದ ಡೇಟಾದ ಹಾಗೆ ಟೇಬಲ್ ರೂಪದಲ್ಲೇ ಹೇಳಬೇಕು ಎಂಬುದು ಒಬ್ಬ ಮನುಷ್ಯ ಪಟ್ಟು ಹಿಡಿದು ಬರೆದಿಟ್ಟ ನಿಯಮ. ಅವರೇ ಎಡ್ಗರ್ ಫ್ರಾಂಕ್ ಕಾಡ್. ಬೆಂಗಳೂರು, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸುವ ನಮ್ಮಂಥ ಬಹಳಷ್ಟು ಮಂದಿ ದಿನವೂ ಅವರ ವಿಚಾರದ ಮೇಲೆಯೇ ಬದುಕುತ್ತಿದ್ದೇವೆ. ಅವರ ಬದುಕಿನ ಕಥೆ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ದ್ವೀಪದ ಹುಡುಗ, ಕಡಲ ಮೇಲಿನ ಪೈಲಟ್

ಕಾಡ್ ಹುಟ್ಟಿದ್ದು 1923ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಸೀಮೆಗೆ ಸೇರಿದ ಪೋರ್ಟ್‌ಲ್ಯಾಂಡ್ ಎಂಬ ಪುಟ್ಟ ದ್ವೀಪದಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆಯದು ಚರ್ಮ ತಯಾರಿಕೆಯ ಕಸುಬು, ತಾಯಿ ಶಾಲಾ ಶಿಕ್ಷಕಿ. ಪೂಲ್ ಎಂಬ ಊರಿನ ಗ್ರಾಮರ್ ಸ್ಕೂಲಿನಲ್ಲಿ ಓದಿ, ಪೂರ್ಣ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜು ಸೇರಿದರು. ಮೊದಲು ಆರಿಸಿಕೊಂಡದ್ದು ರಸಾಯನಶಾಸ್ತ್ರ.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ವಿದ್ಯಾರ್ಥಿಯಾಗಿದ್ದ ಕಾರಣ ಸೇನೆಗೆ ಸೇರುವುದನ್ನು ಮುಂದೂಡುವ ಅವಕಾಶ ಅವರಿಗಿತ್ತು. ಅದನ್ನು ಬಳಸಿಕೊಳ್ಳದೆ ತಾವಾಗಿಯೇ ಬ್ರಿಟನ್ನಿನ ವಾಯುಪಡೆ ಸೇರಿದರು. ಅದರ ಕರಾವಳಿ ವಿಭಾಗದಲ್ಲಿ ಸಂಡರ್‌ಲ್ಯಾಂಡ್ ವಿಮಾನ ಹಾರಿಸುವ ಕೆಲಸ. ಸಂಡರ್‌ಲ್ಯಾಂಡ್ ಎಂದರೆ ನಾಲ್ಕು ಎಂಜಿನ್‌ಗಳ ದೊಡ್ಡ ವಿಮಾನ, ನೀರಿನ ಮೇಲೇ ಇಳಿಯುವಂಥದ್ದು. ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕುತ್ತ ಗಂಟೆಗಟ್ಟಲೆ ಕಡಲ ಮೇಲೆ ಸುತ್ತುವುದಕ್ಕೆ ಅದನ್ನು ಬಳಸುತ್ತಿದ್ದರು. ವಿಮಾನ ತರಬೇತಿಗಾಗಿ ಅವರನ್ನು ಅಮೆರಿಕಕ್ಕೆ ಕಳುಹಿಸಿದ್ದರು. ಆ ದೇಶ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಹಾರಾಟದ ಹುಚ್ಚೂ ಆಮೇಲೆ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡಿಗೆ ಮರಳಿ, ರಸಾಯನಶಾಸ್ತ್ರ ಬಿಟ್ಟು ಗಣಿತ ಹಿಡಿದು, 1948ರಲ್ಲಿ ಪದವಿ ಮುಗಿಸಿದರು. ಮುಗಿಸಿದ್ದೇ ತಡ, ಅಮೆರಿಕಕ್ಕೆ ಹೊರಟರು. ಆಕ್ಸ್‌ಫರ್ಡಿನ ಗಣಿತ ಪದವೀಧರನಿಗೆ ನ್ಯೂಯಾರ್ಕ್ ಮೊದಲು ಕೊಟ್ಟ ಕೆಲಸ, ಮೇಸಿಸ್ ಎಂಬ ದೊಡ್ಡ ಅಂಗಡಿಯಲ್ಲಿ ಗಂಡಸರ ಬಟ್ಟೆ ಮಾರುವುದು. ಅಲ್ಲಿಂದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಆರು ತಿಂಗಳು ಗಣಿತ ಪಾಠ ಹೇಳಿದರು. ಹೊಸ ಊರಿಗೆ ಹೋಗಿ, ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಸಂಬಂಧವಿಲ್ಲದೆ ಒಂದಷ್ಟು ದಿನ ಕಳೆದವರಿಗೆ ಇದು ಹೊಸ ಕಥೆಯಲ್ಲ. 1949ರಲ್ಲಿ ಐಬಿಎಂ ಸೇರಿದ ಮೇಲೆ ಅವರಿಗೆ ತಮ್ಮ ಜಾಗ ಸಿಕ್ಕಿತು.

ಗಾಜಿನ ಹಿಂದಿನ ಯಂತ್ರ

ಐಬಿಎಂನಲ್ಲಿ ಅವರು ಪ್ರೋಗ್ರಾಂ ಬರೆದ ಮೊದಲ ಯಂತ್ರದ ಹೆಸರು ಎಸ್‌ಎಸ್‌ಇಸಿ. ಸಾವಿರಾರು ನಿರ್ವಾತ ನಳಿಕೆಗಳು, ಸಾವಿರಾರು ರಿಲೇಗಳು ತುಂಬಿದ್ದ ಅದು ಒಂದು ಇಡೀ ಕೋಣೆಯನ್ನೇ ಆಕ್ರಮಿಸಿತ್ತು. ಕಂಪನಿ ಅದನ್ನು ನ್ಯೂಯಾರ್ಕಿನ 57ನೇ ಬೀದಿಯ ಕಟ್ಟಡದ ನೆಲಮಹಡಿಯಲ್ಲಿ ಇಟ್ಟಿತ್ತು. ದಾರಿಹೋಕರು ನಿಂತು ಗಾಜಿನ ಮೂಲಕ ಅದು ಕೆಲಸ ಮಾಡುವುದನ್ನು ನೋಡುತ್ತಿದ್ದರು. ಆ ಕಾಲದಲ್ಲಿ ಲೆಕ್ಕ ಮಾಡಿಸಬೇಕಾದವನಿಗೆ ಯಂತ್ರದ ಒಳಗಿನ ಪ್ರತಿ ಮೂಲೆಯೂ ಗೊತ್ತಿರಬೇಕಿತ್ತು. ಆಮೇಲೆ ಅವರು ಐಬಿಎಂ 701 ಎಂಬ ಕಂಪ್ಯೂಟರಿನ ವಿನ್ಯಾಸದಲ್ಲೂ ಕೆಲಸ ಮಾಡಿದರು.

1953ರಲ್ಲಿ ಅಮೆರಿಕವನ್ನೇ ಬಿಟ್ಟು ಹೊರಟರು. ಸೆನೆಟರ್ ಜೋಸೆಫ್ ಮೆಕಾರ್ಥಿ ಕಮ್ಯುನಿಸ್ಟರನ್ನು ಹುಡುಕುವ ಹೆಸರಿನಲ್ಲಿ ಕಂಡಕಂಡವರ ಮೇಲೆ ಸಂಶಯ ಹುಟ್ಟಿಸುತ್ತಿದ್ದ ಕಾಲ ಅದು. ಆ ವಾತಾವರಣವನ್ನು ಪ್ರತಿಭಟಿಸಿ ಕಾಡ್ ಕೆನಡಾದ ಒಟ್ಟಾವಾಕ್ಕೆ ಹೋಗಿ ಅಲ್ಲಿ ಕಂಪ್ಯೂಟರ್ ಕೇಂದ್ರವೊಂದನ್ನು ನಡೆಸಿದರು. ಇಷ್ಟಪಟ್ಟು ಸೇರಿದ ದೇಶ, ಹಿಡಿಸಿದ ಕೆಲಸ. ಆದರೂ ತಪ್ಪೆಂದು ಕಂಡದ್ದನ್ನು ಸುಮ್ಮನೆ ನೋಡುತ್ತ ಇರುವ ಸ್ವಭಾವ ಅವರದಲ್ಲ. ಇದು ಮುಂದೆ ಅವರ ಇಡೀ ಬದುಕಿನಲ್ಲಿ ಕಾಣುತ್ತದೆ. ಹಳೆಯ ಮ್ಯಾನೇಜರ್ ಒಬ್ಬರು ಆಕಸ್ಮಿಕವಾಗಿ ಭೇಟಿಯಾದದ್ದರಿಂದ 1957ರಲ್ಲಿ ಮತ್ತೆ ಅಮೆರಿಕಕ್ಕೆ, ಮತ್ತೆ ಐಬಿಎಂಗೆ ಬಂದರು.

ಈ ಸಲ ಅವರು ಸೇರಿದ್ದು ಸ್ಟ್ರೆಚ್ ಎಂಬ ದೊಡ್ಡ ಕಂಪ್ಯೂಟರಿನ ತಂಡವನ್ನು. ಅಷ್ಟು ದುಬಾರಿ ಯಂತ್ರ ಒಂದು ಟೇಪ್ ಸುತ್ತುವುದನ್ನು ಕಾಯುತ್ತ ಸುಮ್ಮನೆ ನಿಲ್ಲುವುದು ನಷ್ಟ. ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ಒಳಗಿಟ್ಟು ಸರದಿಯಂತೆ ಓಡಿಸುವ ವ್ಯವಸ್ಥೆಯನ್ನು ಕಾಡ್ ತಂಡ ರೂಪಿಸಿತು. ಪಕ್ಕದಲ್ಲಿ ಇನ್ನೊಂದು ಪ್ರೋಗ್ರಾಂ ಓಡುತ್ತಿದೆ ಎಂಬುದರ ಚಿಂತೆ ಪ್ರೋಗ್ರಾಂ ಬರೆದವನಿಗೆ ಬೇಕಿಲ್ಲ, ಅದನ್ನು ಯಂತ್ರ ನೋಡಿಕೊಳ್ಳುತ್ತದೆ. ಕೆಳಗೆ ನಡೆಯುವುದರ ಹೊರೆ ಮೇಲಿನವನ ತಲೆಯ ಮೇಲೆ ಬೀಳಬಾರದು ಎಂಬ ಈ ವಿಚಾರ ಹತ್ತು ವರ್ಷಗಳ ನಂತರ ಇನ್ನೊಂದು ರೂಪದಲ್ಲಿ ಹೊರಬಂತು.

1961ರಲ್ಲಿ ಐಬಿಎಂನ ವಿದ್ಯಾರ್ಥಿವೇತನದಿಂದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂವತ್ತೆಂಟರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿ. ತನ್ನನ್ನೇ ತಾನು ನಕಲು ಮಾಡಿಕೊಳ್ಳಬಲ್ಲ ಯಂತ್ರವನ್ನು ಕಾಗದದ ಮೇಲೆ ಗಣಿತವಾಗಿ ಕಟ್ಟಬಹುದು ಎಂದು ಜಾನ್ ವಾನ್ ನಾಯ್ಮನ್ ತೋರಿಸಿದ್ದರು. ಚೌಕುಳಿ ಚೌಕುಳಿಯಾದ ಆ ರಚನೆಯಲ್ಲಿ ಪ್ರತಿ ಮನೆಗೂ 29 ಸ್ಥಿತಿಗಳು ಬೇಕಾಗಿದ್ದವು. 8 ಸಾಕು ಎಂದು ಕಾಡ್ ತೋರಿಸಿ, 1965ರಲ್ಲಿ ಡಾಕ್ಟರೇಟ್ ಪಡೆದರು. ಕಡಿಮೆ ನಿಯಮಗಳಿಂದ ಹೆಚ್ಚು ಕೆಲಸ ಸಾಧಿಸುವ ಗಣಿತಜ್ಞನ ಕಣ್ಣು ಅದು.

ಹನ್ನೊಂದು ಪುಟಗಳು

ಅರುವತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಪ್ರಯೋಗಾಲಯಕ್ಕೆ ಬಂದರು. ಕಂಪ್ಯೂಟರಿಗೆ ಜೋಡಿಸುವ ಡಿಸ್ಕ್ ಅನ್ನು ಐಬಿಎಂ ರೂಪಿಸಿದ್ದು ಇದೇ ಊರಿನಲ್ಲಿ. ಟೇಪ್ ಆದರೆ ಮೊದಲಿನಿಂದ ಸುತ್ತಬೇಕು. ಡಿಸ್ಕ್‌ನಲ್ಲಿ ಬೇಕಾದ ಜಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಯಾವ ಜಾಗಕ್ಕೆ ಹೋಗಬೇಕು ಎಂಬುದು ಪ್ರೋಗ್ರಾಮರ್‌ಗೆ ಗೊತ್ತಿರಬೇಕಿತ್ತು.

ಆಗ ಐಬಿಎಂ ಮಾರುತ್ತಿದ್ದ ಐಎಂಎಸ್ ಎಂಬ ಸಾಫ್ಟ್‌ವೇರ್, ಚಂದ್ರಯಾನದ ಅಪೊಲೊ ಯೋಜನೆಯ ಲಕ್ಷಾಂತರ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆಂದು ಹುಟ್ಟಿದ್ದು. ಅದರಲ್ಲಿ ಮಾಹಿತಿ ಮರದ ಹಾಗೆ ಇರುತ್ತಿತ್ತು: ಬುಡದಿಂದ ಕೊಂಬೆಗೆ, ಕೊಂಬೆಯಿಂದ ರೆಂಬೆಗೆ. ಚಾರ್ಲ್ಸ್ ಬಾಕ್‌ಮನ್ ರೂಪಿಸಿದ ಇನ್ನೊಂದು ಬಗೆಯಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ದಾರದ ಹಾಗೆ ಕೊಂಡಿಗಳಿದ್ದವು. ಎರಡರಲ್ಲೂ ಹಾದಿ ತಿಳಿದವನಿಗೆ ಮಾತ್ರ ಮಾಹಿತಿ ಸಿಗುತ್ತಿತ್ತು.

ಇದನ್ನು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ರಿಜಿಸ್ಟರಿಗೆ ಹೋಲಿಸಿ ನೋಡಿ. ಒಂದೊಂದು ಫ್ಲ್ಯಾಟಿಗೆ ಒಂದು ಪುಟ, ಪುಟದಲ್ಲಿ ಮನೆಯವರ ಹೆಸರು, ಅವರ ಗಾಡಿಗಳ ನಂಬರು. ಫ್ಲ್ಯಾಟ್ ನಂಬರ್ ಹೇಳಿದರೆ ಗಾಡಿ ಯಾವುದೆಂದು ತಕ್ಷಣ ಸಿಗುತ್ತದೆ. ಆದರೆ ಗೇಟಿಗೆ ಅಡ್ಡ ನಿಲ್ಲಿಸಿದ ಈ ಗಾಡಿ ಯಾರದು ಎಂದು ಕೇಳಿದರೆ ಮೊದಲ ಪುಟದಿಂದ ಮಗುಚಬೇಕು. ಪ್ರಶ್ನೆ ಸುಲಭದ್ದೇ. ರಿಜಿಸ್ಟರ್ ಬರೆದವನು ಆ ಪ್ರಶ್ನೆಯನ್ನು ಊಹಿಸಿರಲಿಲ್ಲ, ಅಷ್ಟೆ. ಮುಂದೆ ಯಾರೋ ಗಾಡಿ ನಂಬರಿನ ಪ್ರಕಾರವೇ ಹೊಸ ರಿಜಿಸ್ಟರ್ ಬರೆದರೆ, ಹಳೆಯದಕ್ಕೆ ಹೊಂದಿಕೊಂಡಿದ್ದವರ ಕೆಲಸ ಕೆಡುತ್ತದೆ.

ಕಾಡ್ ಕಂಡದ್ದು ಈ ತೊಂದರೆಯನ್ನೇ. ಬಿಡಿಭಾಗಗಳು ಮತ್ತು ಅವು ಬೇಕಾಗುವ ಯೋಜನೆಗಳ ಮಾಹಿತಿಯನ್ನು ಐದು ಬಗೆಯಲ್ಲಿ ಜೋಡಿಸಿಟ್ಟು, ಒಂದಕ್ಕೆಂದು ಬರೆದ ಪ್ರೋಗ್ರಾಂ ಇನ್ನೊಂದರ ಮೇಲೆ ಹೇಗೆ ಸೋಲುತ್ತದೆ ಎಂದು ತೋರಿಸಿದರು. ಅವರ ಪರಿಹಾರ ನೋಡಲು ಬಹಳ ಸರಳ. ಎಲ್ಲವನ್ನೂ ಟೇಬಲ್‌ಗಳಲ್ಲಿ ಇಡಿ. ಗಾಡಿ ಮತ್ತು ಫ್ಲ್ಯಾಟ್ ಒಂದು ಟೇಬಲ್, ಫ್ಲ್ಯಾಟ್ ಮತ್ತು ಮನೆಯವರು ಇನ್ನೊಂದು. ಎರಡರ ನಡುವೆ ಗುಪ್ತ ಕೊಂಡಿ ಬೇಡ. ಎರಡರಲ್ಲೂ ಇರುವ ಫ್ಲ್ಯಾಟ್ ನಂಬರ್ ಒಂದೇ ಆಗಿದ್ದರೆ ಅದೇ ಸಂಬಂಧ. ಕೇಳುವವನು ತನಗೆ ಏನು ಬೇಕು ಎಂದಷ್ಟೇ ಹೇಳಲಿ, ಯಾವ ಹಾದಿಯಲ್ಲಿ ಹೋಗಿ ತರಬೇಕು ಎಂಬುದನ್ನು ಯಂತ್ರವೇ ನಿರ್ಧರಿಸಲಿ. ಗಣಿತದಲ್ಲಿ ಇಂಥ ಸಾಲುಗಳ ಗುಂಪಿಗೆ ರಿಲೇಶನ್ ಎನ್ನುತ್ತಾರೆ. ರಿಲೇಶನಲ್ ಡೇಟಾಬೇಸ್ ಎಂಬ ಹೆಸರು ಬಂದದ್ದು ಅಲ್ಲಿಂದ.

1969ರಲ್ಲಿ ಇದು ಐಬಿಎಂನ ಒಳಗಿನ ವರದಿಯಾಗಿತ್ತು. 1970ರ ಜೂನ್‌ನಲ್ಲಿ ಎಸಿಎಂ ಸಂಸ್ಥೆಯ ಪತ್ರಿಕೆಯಲ್ಲಿ ವಿಸ್ತಾರವಾಗಿ ಪ್ರಕಟವಾಯಿತು. ಒಟ್ಟು ಹನ್ನೊಂದು ಪುಟ. ಮುಂದಿನ ಎರಡು ವರ್ಷಗಳಲ್ಲಿ ಬರೆದ ಲೇಖನಗಳಲ್ಲಿ ಇನ್ನೊಂದು ಶಿಸ್ತನ್ನೂ ಬೆಳೆಸಿದರು. ಒಂದು ಸಂಗತಿ ಒಂದೇ ಕಡೆ ಇರಬೇಕು. ಎರಡು ಕಡೆ ಇದ್ದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ. ಇದನ್ನು ನಾರ್ಮಲೈಸೇಶನ್ ಎಂದು ನಾವೆಲ್ಲ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೇವೆ, ಪರೀಕ್ಷೆಯ ಮರುದಿನ ಮರೆತಿದ್ದೇವೆ.

ಮನೆಯವರೇ ಒಪ್ಪದಿದ್ದಾಗ

ಮೊದಲ ವಿರೋಧ ಬಂದದ್ದು ಸ್ವಂತ ಕಂಪನಿಯಿಂದ. ಐಎಂಎಸ್ ಆಗ ಐಬಿಎಂಗೆ ಒಳ್ಳೆಯ ಆದಾಯ ತರುತ್ತಿತ್ತು. ಅದನ್ನೇ ಹಳತೆಂದು ಸಾರುವ ಸಿದ್ಧಾಂತವನ್ನು ಕಂಪನಿ ಏಕೆ ಅಪ್ಪಿಕೊಳ್ಳಬೇಕು? ತಾಂತ್ರಿಕ ಆಕ್ಷೇಪವೂ ಇತ್ತು. ಹಾದಿಯನ್ನು ಯಂತ್ರವೇ ಹುಡುಕಿದರೆ ಅದು ನುರಿತ ಪ್ರೋಗ್ರಾಮರ್‌ನಷ್ಟು ವೇಗವಾಗಿ ಕೆಲಸ ಮಾಡೀತೇ ಎಂಬ ಅನುಮಾನ ಬಹಳ ಜನರಿಗಿತ್ತು. ಅದು ನ್ಯಾಯವಾದ ಅನುಮಾನವೇ. ಆ ಕಾಲದ ಯಂತ್ರಗಳ ಶಕ್ತಿ ಅಷ್ಟು ಕಡಿಮೆ ಇತ್ತು.

ಕಾಡ್ ಸುಮ್ಮನಾಗಲಿಲ್ಲ. ಬರೆದರು, ಸಭೆಗಳಲ್ಲಿ ಮಾತಾಡಿದರು, ವಾದಿಸಿದರು. 1973ರಲ್ಲಿ ಬಾಕ್‌ಮನ್‌ಗೆ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಪ್ರೋಗ್ರಾಮರ್ ಡೇಟಾದ ಕಡಲಿನಲ್ಲಿ ಹಾದಿ ಹುಡುಕುವ ನಾವಿಕನಿದ್ದಂತೆ ಎಂಬುದು ಅವರ ನಿಲುವು. ಮರುವರ್ಷ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ, ಅಂದರೆ ಕಾಡ್ ಡಾಕ್ಟರೇಟ್ ಪಡೆದ ಊರಿನಲ್ಲೇ, ಎರಡೂ ಪಕ್ಷಗಳ ನಡುವೆ ಬಹಿರಂಗ ಚರ್ಚೆ ನಡೆಯಿತು. ನಿಜವಾದ ಕಡಲಿನ ಮೇಲೆ ಹಾದಿ ನೋಡಿಕೊಂಡು ವಿಮಾನ ಹಾರಿಸಿದ್ದ ಕಾಡ್, ಡೇಟಾ ಬೇಕಾದ ಪ್ರತಿಯೊಬ್ಬನೂ ನಾವಿಕನಾಗಬೇಕಿಲ್ಲ ಎಂಬ ಪಕ್ಷದಲ್ಲಿ ನಿಂತಿದ್ದರು.

ವಾದಕ್ಕಿಂತ ಹೆಚ್ಚಾಗಿ ಜನರನ್ನು ಒಪ್ಪಿಸಿದ್ದು ಉದಾಹರಣೆಗಳು. ಐಬಿಎಂನ ಡಾನ್ ಚೇಂಬರ್ಲಿನ್ ಅವರಿಗೆ ಹಳೆಯ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಉದ್ದದ ಪ್ರೋಗ್ರಾಂ ಬೇಕಾಗುತ್ತಿದ್ದ ಪ್ರಶ್ನೆಗಳನ್ನು ಕಾಡ್ ಒಂದೊಂದೇ ಸಾಲಿನಲ್ಲಿ ಬರೆದು ತೋರಿಸಿದಾಗ ಚೇಂಬರ್ಲಿನ್ ಮನಸ್ಸು ಬದಲಾಯಿತು. ಆದರೆ ಆ ಒಂದು ಸಾಲು ಗಣಿತದ ಚಿಹ್ನೆಗಳಿಂದ ತುಂಬಿರುತ್ತಿತ್ತು, ಸಾಮಾನ್ಯರಿಗೆ ಓದಲು ಬರುತ್ತಿರಲಿಲ್ಲ. ಚೇಂಬರ್ಲಿನ್ ಮತ್ತು ರೇ ಬಾಯ್ಸ್ ಸೇರಿ ಅದೇ ವಿಚಾರವನ್ನು ಸರಳ ಇಂಗ್ಲಿಷ್ ಪದಗಳಲ್ಲಿ ಕೇಳುವ ಭಾಷೆ ರೂಪಿಸಿ 1974ರಲ್ಲಿ ಪ್ರಕಟಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಬಾಯ್ಸ್ ಅದೇ ವರ್ಷ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು.

ಸ್ಯಾನ್ ಹೋಸೆಯಲ್ಲಿ ಸಿಸ್ಟಂ ಆರ್ ಎಂಬ ಪ್ರಾಯೋಗಿಕ ಡೇಟಾಬೇಸ್ ಸಿದ್ಧವಾಯಿತು. ವೇಗದ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿ. ಪ್ಯಾಟ್ರಿಷಿಯಾ ಸೆಲಿಂಜರ್ ಮತ್ತು ಜೊತೆಗಾರರು, ಒಂದು ಪ್ರಶ್ನೆಗೆ ಇರುವ ಹಲವು ಹಾದಿಗಳ ಖರ್ಚನ್ನು ಯಂತ್ರವೇ ಅಂದಾಜು ಮಾಡಿ ಅಗ್ಗದ್ದನ್ನು ಆರಿಸುವ ವಿಧಾನವನ್ನು 1979ರಲ್ಲಿ ಪ್ರಕಟಿಸಿದರು. ಅತ್ತ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್, ಕಾಡ್ ಲೇಖನ ಓದಿ ಇಂಗ್ರೆಸ್ ಕಟ್ಟಿದರು. ಐಬಿಎಂ ಪ್ರಕಟಿಸಿದ ಲೇಖನಗಳನ್ನೇ ಓದಿ ಲ್ಯಾರಿ ಎಲಿಸನ್ ಮತ್ತು ಗೆಳೆಯರು 1979ರಲ್ಲಿ ಒರಾಕಲ್ ಅನ್ನು ಮಾರುಕಟ್ಟೆಗೆ ತಂದರು. ವಿಚಾರ ಹುಟ್ಟಿದ ಮನೆಯಾದ ಐಬಿಎಂ ತನ್ನ ಎಸ್‌ಕ್ಯೂಎಲ್ ಉತ್ಪನ್ನವನ್ನು ತಂದದ್ದು 1981ರಲ್ಲಿ, ಡಿಬಿ2 ತಂದದ್ದು 1983ರಲ್ಲಿ. ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದದ್ದೂ 1981ರಲ್ಲೇ.

ಇಷ್ಟೆಲ್ಲ ನಡೆಯುವಾಗ ಕಾಡ್ ಎಸ್‌ಕ್ಯೂಎಲ್ ಕೆಲಸದ ನಡುವೆ ಇರಲಿಲ್ಲ. ಅವರ ಮನಸ್ಸು ಇನ್ನೂ ಮುಂದೆ ಹೋಗಿತ್ತು. ಕಂಪ್ಯೂಟರ್ ಭಾಷೆ ಏನೂ ತಿಳಿಯದ ಸಾಮಾನ್ಯ ಮನುಷ್ಯ ತನ್ನ ಮಾತಿನಲ್ಲೇ ಪ್ರಶ್ನೆ ಕೇಳಬೇಕು. ಅರ್ಥವಾಗದಿದ್ದರೆ ಯಂತ್ರ ಮರುಪ್ರಶ್ನೆ ಹಾಕಿ ತಿಳಿದುಕೊಳ್ಳಬೇಕು ಎಂಬ ಉದ್ದೇಶದಿಂದ ರೆಂಡೆವೂ ಎಂಬ ಪ್ರಾಯೋಗಿಕ ಸಿಸ್ಟಂ ಮಾಡುತ್ತಿದ್ದರು. ಅದು ಎಪ್ಪತ್ತರ ದಶಕದ ಮಾತು ಎಂಬುದನ್ನು ನೆನಪಿಡಬೇಕು. ಇಂದು ಮೊಬೈಲಿನಲ್ಲಿ ನಮ್ಮ ಮಾತಿನಲ್ಲೇ ಕೇಳಿ ಉತ್ತರ ಪಡೆಯುವಾಗ ನಾವು ಅವರು ಹೊರಟಿದ್ದ ಕಡೆಗೇ ಹೋಗುತ್ತಿದ್ದೇವೆ.

ನಾಲ್ಕನೆಯ ನಿಯಮ

1984ರಲ್ಲಿ ಕಾಡ್ ಐಬಿಎಂ ಬಿಟ್ಟರು. ಮರುವರ್ಷ ಕ್ರಿಸ್ ಡೇಟ್ ಜೊತೆ ಸೇರಿ ಸಲಹಾ ಸಂಸ್ಥೆ ಆರಂಭಿಸಿದರು. ಅಷ್ಟರಲ್ಲಿ ಗಾಳಿ ತಿರುಗಿತ್ತು. ಮೊದಲು ರಿಲೇಶನಲ್ ಎಂದರೆ ಮೂಗು ಮುರಿಯುತ್ತಿದ್ದ ಮಾರುಕಟ್ಟೆಯಲ್ಲಿ ಈಗ ಹಳೆಯ ಸರಕಿಗೂ ಅದೇ ಚೀಟಿ ಅಂಟಿಸಿ ಮಾರುವುದು ಶುರುವಾಗಿತ್ತು. ಇದನ್ನು ನೋಡಿ ಕಾಡ್ 1985ರಲ್ಲಿ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ ಎರಡು ಕಂತಿನ ಲೇಖನ ಬರೆದು, ಒಂದು ಡೇಟಾಬೇಸ್ ನಿಜವಾಗಿ ರಿಲೇಶನಲ್ ಎನಿಸಿಕೊಳ್ಳಲು ಬೇಕಾದ ಹನ್ನೆರಡು ನಿಯಮಗಳನ್ನು ಮುಂದಿಟ್ಟರು. ಸೊನ್ನೆಯಿಂದ ಎಣಿಸಿದ್ದರಿಂದ ಲೆಕ್ಕಕ್ಕೆ ಅವು ಹದಿಮೂರು.

ಮೊದಲ ನಿಯಮ: ಎಲ್ಲ ಮಾಹಿತಿಯೂ ಟೇಬಲ್‌ನಲ್ಲಿ ಕಾಣುವ ಮೌಲ್ಯವಾಗಿಯೇ ಇರಬೇಕು. ಎರಡನೆಯದು: ಟೇಬಲ್ ಹೆಸರು, ಸಾಲಿನ ಗುರುತಿನ ಕೀ, ಕಾಲಂ ಹೆಸರು, ಈ ಮೂರು ಹೇಳಿದರೆ ಯಾವ ಮೌಲ್ಯವಾದರೂ ಸಿಗಲೇಬೇಕು. ಮೂರನೆಯದು: ಗೊತ್ತಿಲ್ಲದ ಮಾಹಿತಿಯನ್ನು ಸೊನ್ನೆಯಿಂದಾಗಲೀ ಖಾಲಿ ಅಕ್ಷರದಿಂದಾಗಲೀ ಬೇರೆಯಾಗಿ ಗುರುತಿಸಬೇಕು. ನಾಲ್ಕನೆಯದೇ ನನ್ನ ಕೆಲಸಕ್ಕೆ ಒದಗಿ ಬಂದದ್ದು: ಡೇಟಾಬೇಸ್‌ನ ವಿವರಣೆಯೂ ಟೇಬಲ್‌ಗಳಲ್ಲೇ ಇರಬೇಕು, ಡೇಟಾ ಕೇಳುವ ಭಾಷೆಯಲ್ಲೇ ಆ ವಿವರಣೆಯನ್ನೂ ಕೇಳಲು ಬರಬೇಕು. ಇದಕ್ಕೆ ಕ್ಯಾಟಲಾಗ್ ಎಂದು ಹೆಸರು. ಕಟ್ಟಿದವರು ಬಿಟ್ಟುಹೋದರೂ, ಕಡತ ಕಳೆದುಹೋದರೂ ಕ್ಯಾಟಲಾಗ್ ಉಳಿದಿರುತ್ತದೆ. ಎಲ್ಲ ಟೇಬಲ್‌ಗಳಲ್ಲಿ ಪದ ಹುಡುಕುವ ಯಾವ ಟೂಲ್ ಆದರೂ ಮೊದಲು ತಟ್ಟುವುದು ಇದರ ಬಾಗಿಲನ್ನೇ.

ಗೆದ್ದ ಮೇಲೂ ಅವರಿಗೆ ಪೂರ್ಣ ಸಮಾಧಾನ ಇರಲಿಲ್ಲ. ಎಸ್‌ಕ್ಯೂಎಲ್ ಒಂದೇ ಸಾಲು ಎರಡು ಸಲ ಬರಲು ಬಿಡುತ್ತದೆ, ಗಣಿತದ ಶಿಸ್ತನ್ನು ಸಡಿಲ ಮಾಡಿದೆ ಎಂಬುದು ಅವರ ದೊಡ್ಡ ದೂರು. ಜಗತ್ತು ತನ್ನ ವಿಚಾರವನ್ನು ಅರ್ಧ ಮಾತ್ರ ತೆಗೆದುಕೊಂಡಿತು ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 1990ರಲ್ಲಿ ಬರೆದ ಪುಸ್ತಕದಲ್ಲಿ ಹನ್ನೆರಡು ನಿಯಮಗಳನ್ನು 333 ಲಕ್ಷಣಗಳಾಗಿ ಬೆಳೆಸಿದರು. ಆ ವೇಳೆಗೆ ಕಂಪನಿಗಳಿಗೆ ಅಷ್ಟು ಕೇಳುವ ವ್ಯವಧಾನ ಉಳಿದಿರಲಿಲ್ಲ. 1993ರಲ್ಲಿ ವಿಶ್ಲೇಷಣೆಗೆ ಬೇಕಾದ ಡೇಟಾಬೇಸ್‌ಗಳ ಬಗ್ಗೆ ಜೊತೆಗಾರರೊಂದಿಗೆ ಒಂದು ಪ್ರಬಂಧ ಬರೆದರು. ಅಂಥದ್ದೇ ಉತ್ಪನ್ನ ಮಾರುವ ಕಂಪನಿಯೊಂದು ಅದಕ್ಕೆ ಹಣ ಕೊಟ್ಟಿತ್ತು ಎಂದು ತಿಳಿದಾಗ ಟೀಕೆಗಳು ಬಂದವು. ಬೇರೆಯವರ ಸಡಿಲಿಕೆಯನ್ನು ಅಷ್ಟು ಕಟುವಾಗಿ ಎತ್ತಿ ತೋರಿಸಿದವರ ಬದುಕಿನಲ್ಲಿ ಇದೂ ಒಂದು ಪುಟ. 2003ರ ಏಪ್ರಿಲ್ 18ರಂದು ಫ್ಲೋರಿಡಾದ ವಿಲಿಯಮ್ಸ್ ಐಲ್ಯಾಂಡ್‌ನಲ್ಲಿ ಹೃದಯ ವೈಫಲ್ಯದಿಂದ ತೀರಿಕೊಂಡರು. ಆಗ ಅವರಿಗೆ 79 ವರ್ಷ. ಎಸಿಎಂನ ಡೇಟಾಬೇಸ್ ವಿಭಾಗ ಮರುವರ್ಷದಿಂದ ತನ್ನ ಮುಖ್ಯ ಪ್ರಶಸ್ತಿಗೆ ಅವರ ಹೆಸರಿಟ್ಟಿತು.

ಹುಡುಕುವುದು, ತಿದ್ದುವುದು

ಟೂಲ್ ಇದೆ ಎಂದ ಮಾತ್ರಕ್ಕೆ ಎಲ್ಲವೂ ಸಿಕ್ಕೀತು ಎಂದುಕೊಳ್ಳಬಾರದು. ಅದು ಹುಡುಕುವುದು ಒಳಗೆ ಇಟ್ಟ ಅಕ್ಷರಗಳನ್ನು ಮಾತ್ರ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಎಕ್ಸ್ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಕೆ ಮತ್ತು ಎಸ್ ಹಾಕಿ ಬರೆದಿರುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಕನ್ನಡದಲ್ಲೇ ಇದ್ದರೂ ತೊಂದರೆ ತಪ್ಪಿದ್ದಲ್ಲ. ಯುನಿಕೋಡ್ ಬರುವ ಮೊದಲಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಬೇರೆಯೇ ಸಂಕೇತಗಳಾಗಿರುತ್ತದೆ. ಯುನಿಕೋಡ್‌ನಲ್ಲೂ ಕೋ ಅಕ್ಷರದ ಸ್ವರವನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಇಡಬಹುದು. ಹಾಗಾಗಿ ಹುಡುಕುವವರು ನಾಲ್ಕಾರು ರೂಪಗಳಲ್ಲಿ ಹುಡುಕಬೇಕು. ಜೊತೆಗೆ, ಪದದ ನಡುವಿನ ತುಂಡನ್ನು ಹುಡುಕುವಾಗ ಸಾಮಾನ್ಯ ಇಂಡೆಕ್ಸ್ ನೆರವಿಗೆ ಬರುವುದಿಲ್ಲ. ಡೇಟಾಬೇಸ್ ಪ್ರತಿ ಸಾಲನ್ನೂ ಓದುತ್ತದೆ. ಜನ ಬಳಸುತ್ತಿರುವ ಸಿಸ್ಟಂ ಮೇಲೆ ಹಗಲು ಹೊತ್ತು ಇದನ್ನು ಓಡಿಸಿದರೆ ಎಲ್ಲರ ಕೆಲಸವೂ ನಿಂತೀತು. ನಾವು ನಕಲು ಮಾಡಿಕೊಂಡದ್ದು ಅದಕ್ಕೇ.

ಆ ದಿನ ನಾವು ಕೂತು ಯೋಚಿಸಿದ ಇನ್ನೊಂದು ವಿಷಯವಿದೆ. ಹುಡುಕಾಟ ಸುಲಭವಾದದ್ದು ಕಾಡ್ ಅವರ ನಾಲ್ಕನೆಯ ನಿಯಮವನ್ನು ಡೇಟಾಬೇಸ್ ಮಾಡಿದವರು ಪಾಲಿಸಿದ್ದರಿಂದ. ಹುಡುಕುವ ಪ್ರಸಂಗವೇ ಬಂದದ್ದು, ಒಂದು ಸಂಗತಿ ಒಂದೇ ಕಡೆ ಇರಲಿ ಎಂಬ ಅವರ ಇನ್ನೊಂದು ಮಾತನ್ನು ನಮ್ಮ ಹಿಂದಿನವರು ಪಾಲಿಸದೆ ಇದ್ದದ್ದರಿಂದ. ನೋಡಿಯೂ ಕೇಳದೆ ಇದ್ದ ನಾವೂ ಅದರಲ್ಲಿ ಪಾಲುದಾರರೇ. ಟೇಬಲ್‌ನಲ್ಲಿ ಎರಡು ಕಡೆ ಉಳಿದ ಒಂದು ಹೆಸರು ನಮಗೆ ಕೇವಲ ಒಂದು ಸಾಲು. ಆ ಮಹಿಳೆಗೆ ಅದು ಮನೆ ಬಾಡಿಗೆ, ಮಕ್ಕಳ ಫೀಸು.

ತಪ್ಪು ಅಕ್ಷರವನ್ನು ಅಂದೇ ತಿದ್ದಿದೆವು, ಹೊಸ ಪತ್ರ ಹೋಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾಳೆ ಇನ್ನೊಬ್ಬರ ಹೆಸರು ಹಾಗೇ ಆಗುತ್ತಿತ್ತು. ಪತ್ರ ಮುದ್ರಿಸುವ ಪ್ರೋಗ್ರಾಂ ಮುಖ್ಯ ಟೇಬಲ್‌ನಿಂದಲೇ ಹೆಸರು ಓದುವಂತೆ ಬದಲಾಯಿಸಿ, ಪರೀಕ್ಷಿಸಿ, ಹಳೆಯ ಟೇಬಲ್ ಅನ್ನು ತೆಗೆದುಹಾಕಲು ಮೂರು ವಾರ ಹಿಡಿಯಿತು. ಈಗ ನಮ್ಮ ಡೇಟಾಬೇಸ್‌ನ ಕ್ಯಾಟಲಾಗ್ ಕೇಳಿದರೆ ಪಟ್ಟಿಯಲ್ಲಿ ಒಂದು ಟೇಬಲ್ ಕಡಿಮೆ ಇದೆ.